ಉಳ್ಳಾಗಡ್ಡಿ ಸಿಪ್ಪೆಯಿಂದ ಹತ್ತಿ ಹೂವಿನವರೆಗೆ: ಜೀವಕೋಶ, ಅನುವಂಶೀಯತೆ ಕೈಯಾರೆ ಕಲಿಯುವ ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಒಂದು ದಿನ, ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡಲ್‌ನ ಪಾಠ ನಡೆದಿತ್ತು. ಬಟಾಣಿ ಹೂವಿನ ಕೇಸರ ಕಿತ್ತು, ಬೇರೆ ಗಿಡದ ಪರಾಗ ತಂದು ಹಚ್ಚುವ ಕ್ರಮವನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ರಾಣೆಬೆನ್ನೂರು ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಇದನ್ನ ನಮ್ಮವ್ವ ದಿನಾ ಮಾಡ್ತಾಳ್ರಿ. ನಮ್ಮ ಕಡೆ ಇದಕ್ಕ ಕ್ರಾಸಿಂಗ್ ಅಂತಾರ್ರಿ" ಅಂದಳು. ಅವಳ ತಾಯಿ ಬೀಜೋತ್ಪಾದನೆ ಹೊಲದಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು. ಪುಸ್ತಕದಲ್ಲಿ ಒಂದೂವರೆ ಪುಟ ಇರುವ ವಿಷಯವನ್ನು ಆ ತಾಯಿ ದಿನಕ್ಕೆ ನೂರಾರು ಹೂವಿನ ಮೇಲೆ ಮಾಡುತ್ತಾರೆ.

ಆವತ್ತಿನಿಂದ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಜೀವಕೋಶದ ಪಾಠ ಮೊದಲ ಪಿಯುಸಿಯಲ್ಲಿ ಬರುತ್ತದೆ, ಅನುವಂಶೀಯತೆ ಎರಡನೇ ಪಿಯುಸಿಯಲ್ಲಿ. ನಡುವೆ ಒಂದು ಬೇಸಿಗೆ ರಜೆ. ಹಾಗಾಗಿ ಮಕ್ಕಳಿಗೆ ಇವು ಎರಡು ಬೇರೆ ವಿಷಯ ಅನಿಸುತ್ತವೆ. ನಿಜವಾಗಿ ಇದು ಒಂದೇ ಕಥೆ. ಉಳ್ಳಾಗಡ್ಡಿ ಸಿಪ್ಪೆಯಲ್ಲಿ ಕಾಣುವ ಆ ಚುಕ್ಕೆ, ಬೇರಿನ ತುದಿಯಲ್ಲಿ ಕಾಣುವ ಎಳೆಗಳು, ಮೆಂಡಲ್‌ನ 3:1 ಲೆಕ್ಕ, ಎಲ್ಲವೂ ಒಂದೇ ವಸ್ತುವನ್ನು ಬೇರೆ ಬೇರೆ ದೂರದಿಂದ ನೋಡಿದ್ದು. ಆ ಕೊಂಡಿ ಸಿಕ್ಕರೆ ಉರು ಹೊಡೆಯುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡು ವಾರ ಸಾಕು.

ಹೆಜ್ಜೆ 1: ಒಂದು ಸಿಪ್ಪೆ, ಒಂದು ಹನಿ ಅಯೋಡಿನ್

ಬೇಕಾಗುವುದು: ಒಂದು ಉಳ್ಳಾಗಡ್ಡಿ, ಸ್ಲೈಡು, ಕವರ್ ಸ್ಲಿಪ್, ಮೆಡಿಕಲ್ ಶಾಪಿನಲ್ಲಿ ಸಿಗುವ ಟಿಂಚರ್ ಅಯೋಡಿನ್, ಒಂದು ಸೂಜಿ, ಕಾಲೇಜಿನ ಮೈಕ್ರೋಸ್ಕೋಪು. ಲ್ಯಾಬಿನಲ್ಲಿ ಸ್ಯಾಫ್ರನಿನ್ ಎಂಬ ಬಣ್ಣ ಇದ್ದರೆ ಅದೂ ನಡೆಯುತ್ತದೆ.

ಉಳ್ಳಾಗಡ್ಡಿಯನ್ನು ನಾಲ್ಕು ಭಾಗ ಮಾಡಿ. ಒಳಗಿನ ಒಂದು ದಪ್ಪ ಪದರ ತೆಗೆದುಕೊಳ್ಳಿ. ಅದರ ಒಳಮೈ ಕಡೆ, ಅಂದರೆ ತಗ್ಗಾಗಿರುವ ಕಡೆ, ಪಾಲಿಥಿನ್‌ನಷ್ಟು ತೆಳುವಾದ ಒಂದು ಪೊರೆ ಇರುತ್ತದೆ. ಪದರವನ್ನು ಪಟ್ಟನೆ ಮುರಿದು ಎಳೆದರೆ ಅದು ತಾನೇ ಬಿಟ್ಟು ಬರುತ್ತದೆ. ಬೆರಳಿನ ಉಗುರಿನಷ್ಟು ತುಂಡು ಸಾಕು. ಕೂಡಲೇ ನೀರಿಗೆ ಹಾಕಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರ ಮೇಲೆ ಪೊರೆ, ಅದರ ಮೇಲೆ ಒಂದು ಹನಿ ಅಯೋಡಿನ್. ಎರಡು ನಿಮಿಷ ಬಿಡಿ. ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ಒಮ್ಮೆಗೇ ಇಟ್ಟರೆ ಗಾಳಿಗುಳ್ಳೆ ಕೂರುತ್ತದೆ. ಪ್ರತಿ ವರ್ಷ ಯಾರಾದರೊಬ್ಬರು ಆ ಗುಳ್ಳೆಯನ್ನೇ ಜೀವಕೋಶ ಅಂತ ಬಿಡಿಸಿ ತರುತ್ತಾರೆ. ಕಪ್ಪು ದಪ್ಪ ಅಂಚಿನ, ಪೂರ್ತಿ ದುಂಡಗಿನ ಆಕಾರ ಕಂಡರೆ ಅದು ಗಾಳಿಗುಳ್ಳೆ ಎಂದು ತಿಳಿಯಿರಿ.

ಮೊದಲು ಕಡಿಮೆ ಪವರ್‌ನಲ್ಲಿ ನೋಡಿ. ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಕೋಣೆ ಕಾಣುತ್ತವೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಇಂಥದ್ದೇ ಕೋಣೆಗಳನ್ನು, ಆದರೆ ಅವು ಸತ್ತ ಕೋಶಗಳ ಖಾಲಿ ಗೋಡೆಗಳು. ನಿಮ್ಮ ಸ್ಲೈಡಿನಲ್ಲಿ ಅದಕ್ಕಿಂತ ಜಾಸ್ತಿ ಇದೆ. ಪ್ರತಿ ಕೋಣೆಯಲ್ಲೂ ಒಂದು ಕಂದು ಚುಕ್ಕೆ ಹುಡುಕಿ. ಅದೇ ಕೋಶಕೇಂದ್ರ, ನ್ಯೂಕ್ಲಿಯಸ್. ಅದಕ್ಕೆ ಆ ಹೆಸರು ಕೊಟ್ಟವನು ರಾಬರ್ಟ್ ಬ್ರೌನ್, 1831ರಲ್ಲಿ.

ಚುಕ್ಕೆ ಎಲ್ಲಿದೆ ಅನ್ನುವುದನ್ನು ಗಮನಿಸಿ. ಬಹಳ ಕೋಶಗಳಲ್ಲಿ ಅದು ಮಧ್ಯದಲ್ಲಿ ಇರುವುದಿಲ್ಲ, ಗೋಡೆಗೆ ಒತ್ತಿಕೊಂಡಿರುತ್ತದೆ. ಯಾಕೆ? ಮಧ್ಯದ ಜಾಗವನ್ನೆಲ್ಲ ನೀರು ತುಂಬಿದ ಒಂದು ದೊಡ್ಡ ರಸದಾನಿ ಹಿಡಿದಿರುತ್ತದೆ. ಅದು ಉಳಿದೆಲ್ಲವನ್ನೂ ಅಂಚಿಗೆ ತಳ್ಳುತ್ತದೆ. ಪುಸ್ತಕದಲ್ಲಿ "ಸಸ್ಯಕೋಶದಲ್ಲಿ ದೊಡ್ಡ ರಸದಾನಿ ಇರುತ್ತದೆ" ಅನ್ನುವ ಒಂದು ಸಾಲು ಇದೆಯಲ್ಲ, ಅದು ಇಲ್ಲಿ ಕಣ್ಣೆದುರಿಗೇ ಇದೆ.

ಈಗ ಅಳತೆ. ಸ್ಲೈಡು ತೆಗೆದು ಪಾರದರ್ಶಕ ಸ್ಕೇಲನ್ನು ಲೆನ್ಸಿನ ಕೆಳಗೆ ಇಡಿ. ಹತ್ತು ಪಟ್ಟಿನ ಕಣ್ಣಿನ ಮಸೂರ, ಹತ್ತು ಪಟ್ಟಿನ ವಸ್ತು ಮಸೂರ ಇದ್ದರೆ ವೃತ್ತದ ಅಗಲ ಸುಮಾರು 1.8 ಮಿಲಿಮೀಟರ್ ಬರುತ್ತದೆ. ಆ ಅಗಲದಲ್ಲಿ ಉದ್ದಕ್ಕೆ ಆರು ಕೋಶ ಕೂತಿದ್ದರೆ ಒಂದೊಂದು 0.3 ಮಿಲಿಮೀಟರ್. ನಿಮ್ಮ ರಕ್ತದ ಕೆಂಪು ಕಣ ಸುಮಾರು 0.007 ಮಿಲಿಮೀಟರ್ ಮಾತ್ರ. ಎರಡನ್ನೂ ಒಂದೇ ಅಳತೆಯಲ್ಲಿ ಪಕ್ಕ ಪಕ್ಕ ಬಿಡಿಸಿ ನೋಡಿ. ಕೋಶ ಅಂದರೆ ಒಂದೇ ಗಾತ್ರ ಅನ್ನುವ ತಪ್ಪು ಕಲ್ಪನೆ ಅಲ್ಲಿಗೆ ಹೋಗುತ್ತದೆ.

ಹೆಜ್ಜೆ 2: ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಲ್ಲಿಂದ ಬಂತು

ಕೋಶದ ಅಂಗಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ನನಗೆ ಇಷ್ಟವಿಲ್ಲ. "ಕೋಶ ಒಂದು ಕಾರ್ಖಾನೆ" ಅನ್ನುವ ಹೋಲಿಕೆಯೂ ಜಾಸ್ತಿ ದೂರ ಬರುವುದಿಲ್ಲ. ಅದರ ಬದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಕೋಶದ ಕೆಲಸ ಏನು? ಹಾಗಾದರೆ ಯಾವ ಅಂಗ ಇಲ್ಲಿ ಜಾಸ್ತಿ ಇರಬೇಕು? ಸ್ನಾಯುವಿಗೆ ಶಕ್ತಿ ಬೇಕು, ಆದ್ದರಿಂದ ಮೈಟೊಕಾಂಡ್ರಿಯಾ ಜಾಸ್ತಿ. ಎಲೆಗೆ ಬಿಸಿಲಿನಿಂದ ಆಹಾರ ಮಾಡಬೇಕು, ಆದ್ದರಿಂದ ಹರಿತ್ತು ಕಣಗಳು ಜಾಸ್ತಿ. ಮೇದೋಜೀರಕ ಗ್ರಂಥಿ ಪ್ರೋಟೀನ್ ಮಾಡಿ ಹೊರಗೆ ಕಳಿಸಬೇಕು, ಆದ್ದರಿಂದ ಪ್ರೋಟೀನ್ ಮಾಡುವ ರೈಬೋಸೋಮ್ ಕಣಗಳು ಅಂಟಿದ ಒರಟು ಜಾಲ ಜಾಸ್ತಿ. ಮನುಷ್ಯನ ಬೆಳೆದ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ. ಜಾಗವೆಲ್ಲ ಹಿಮೋಗ್ಲೋಬಿನ್‌ಗೆ. ಕೇಂದ್ರ ಇಲ್ಲದ ಕಾರಣ ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ, ಸುಮಾರು 120 ದಿನಕ್ಕೆ ಅದರ ಆಯುಷ್ಯ ಮುಗಿಯುತ್ತದೆ.

ಒಂದು ಅಂಗವನ್ನಾದರೂ ಕಣ್ಣಾರೆ ನೋಡಿ. ಹಣ್ಣಾದ ಹಸಿ ಮೆಣಸಿನಕಾಯಿ ತನ್ನಿ. ಒಣಗಿದ್ದು ಬೇಡ. ಅದನ್ನು ಸೀಳಿ, ಕೆಂಪು ತಿರುಳನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ಒಂದು ಹನಿ ನೀರಿನಲ್ಲಿ ಇಡಿ. ಬಣ್ಣ ಹಾಕುವುದೇ ಬೇಡ. ಕೋಶದ ಒಳಗೆ ಚಿಕ್ಕ ಚಿಕ್ಕ ಕೆಂಪು-ಕಿತ್ತಳೆ ಕಣಗಳು ಕಾಣುತ್ತವೆ. ಕೆಂಪು ಇಡೀ ಕೋಶಕ್ಕೆ ಹರಡಿಲ್ಲ, ಆ ಕಣಗಳಲ್ಲಿ ಮಾತ್ರ ಇದೆ. ಕಾಯಿ ಹಸಿರಿದ್ದಾಗ ಇದೇ ಕಣಗಳು ಹರಿತ್ತು ಕಣಗಳಾಗಿದ್ದವು. ಹಣ್ಣಾಗುವಾಗ ಹಸಿರು ಕರಗಿ, ಕ್ಯಾಪ್ಸಾಂತಿನ್ ಎಂಬ ಕೆಂಪು ಬಣ್ಣ ತುಂಬಿಕೊಂಡಿತು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನುವುದು ಅದರ ಹೆಸರು. ಆ ಹೆಸರು ನಿಂತಿರುವುದು ಈ ಕಣಗಳ ಮೇಲೆ. ನೋಡಿದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಕಣ್ಣು ಮುಟ್ಟಬೇಡಿ.

ಹೆಜ್ಜೆ 3: ಬೇರಿನ ತುದಿಯಲ್ಲಿ ಕೋಶ ಒಡೆಯುವುದನ್ನು ನೋಡುವುದು

ಇದು ಇಡೀ ಮಾರ್ಗದರ್ಶಿಯ ಬೆನ್ನೆಲುಬು. ಇದಕ್ಕೆ ಸಮಯ ಕೊಡಿ.

ಉಳ್ಳಾಗಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಗದಗ ಕಡೆಯಿಂದ ಹೊಸ ಮಾಲು ಅಮರಗೋಳದ ಎಪಿಎಂಸಿಗೆ ಬರುವ ದಿನಗಳಲ್ಲಿ ಮಕ್ಕಳು ಅದನ್ನೇ ತಂದು ನೀರಿಗೆ ಇಡುತ್ತಾರೆ. ವಾರವಾದರೂ ಬೇರು ಬರುವುದಿಲ್ಲ. ಆಗತಾನೇ ಕಿತ್ತ ಗಡ್ಡೆ ಕೆಲವು ವಾರ ನಿದ್ದೆಯಲ್ಲಿರುತ್ತದೆ. ಮನೆಯ ಬುಟ್ಟಿಯಲ್ಲಿ ಹಳೆಯದಾಗಿ ಮೊಳಕೆ ಇಣುಕುತ್ತಿರುವ ಸಣ್ಣ ಗಡ್ಡೆ ಇದ್ದರೆ ಅದೇ ಒಳ್ಳೆಯದು. ಬುಡದ ಒಣ ಬೇರನ್ನು ಹಗುರಾಗಿ ಕೆರೆದು ತೆಗೆಯಿರಿ. ಗ್ಲಾಸಿನ ಬಾಯಿಯ ಮೇಲೆ ಬುಡ ಮಾತ್ರ ನೀರಿಗೆ ತಾಗುವ ಹಾಗೆ ಕೂರಿಸಿ. ಜಾರಿದರೆ ಮೂರು ಕಡ್ಡಿ ಚುಚ್ಚಿ ಆಸರೆ ಕೊಡಿ. ದಿನಾ ನೀರು ಬದಲಿಸಿ. ಮೂರರಿಂದ ಆರು ದಿನದಲ್ಲಿ ಬಿಳಿ ಬೇರುಗಳು ಎರಡು ಸೆಂಟಿಮೀಟರ್ ಬೆಳೆಯುತ್ತವೆ.

ಬೆಳಗ್ಗೆ ಎಂಟರಿಂದ ಹತ್ತರ ಒಳಗೆ ಬೇರು ಕತ್ತರಿಸಿ. ಆಗ ಒಡೆಯುತ್ತಿರುವ ಕೋಶಗಳು ಚೆನ್ನಾಗಿ ಸಿಗುತ್ತವೆ. ಅವನ್ನು ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಇರುವ ದ್ರಾವಣದಲ್ಲಿ 24 ಗಂಟೆ ಇಡಿ. ಕೋಶ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ ನಿಂತುಬಿಡುತ್ತದೆ, ಫೋಟೊ ತೆಗೆದ ಹಾಗೆ. ಮರುದಿನ ಬೇರಿನ ಕೊನೆಯ ಎರಡು ಮಿಲಿಮೀಟರ್ ಮಾತ್ರ ಸ್ಲೈಡಿನ ಮೇಲೆ ಇಟ್ಟುಕೊಳ್ಳಿ, ಉಳಿದದ್ದು ಬೇಡ. ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೋಕಾರ್ಮೈನ್ ಎಂಬ ಬಣ್ಣ ಹಾಕಿ. ಸ್ಪಿರಿಟ್ ಲ್ಯಾಂಪಿನ ಮೇಲೆ ಸ್ಲೈಡನ್ನು ಒಂದೆರಡು ಬಾರಿ ಹಾಯಿಸಿ. ಕೈಯ ಹಿಂಭಾಗಕ್ಕೆ ತಾಗಿಸಿದರೆ ಬೆಚ್ಚಗೆ ಅನಿಸಬೇಕು, ಸುಡಬಾರದು, ಬಣ್ಣ ಕುದಿಯಬಾರದು. ಹತ್ತು ನಿಮಿಷ ಬಿಟ್ಟು, ಜಾಸ್ತಿ ಬಣ್ಣವನ್ನು ಒರೆಸು ಕಾಗದದಿಂದ ಹೀರಿ. ಒಂದು ಹನಿ ನೀರು ಹಾಕಿ ಕವರ್ ಸ್ಲಿಪ್ ಇಡಿ. ಪೆನ್ಸಿಲ್ಲಿನ ಹಿಂದಿನ ತುದಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಬೇರಿನ ತುಣುಕು ಹರಡಿ, ಮೋಡದ ಹಾಗೆ ತೆಳುವಾಗಬೇಕು. ಆಮ್ಲದ ಕೆಲಸವೆಲ್ಲ ಲ್ಯಾಬಿನಲ್ಲಿ, ಅಧ್ಯಾಪಕರ ಎದುರಿಗೇ ಆಗಲಿ.

ನೋಡುವಾಗ ಕೋಶಗಳು ಚಿಕ್ಕದಾಗಿ, ಚೌಕಾಕಾರವಾಗಿ, ದೊಡ್ಡ ಕೇಂದ್ರ ಹೊಂದಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಉದ್ದುದ್ದ ಕೋಶ ಕಂಡರೆ ತುದಿ ಬಿಟ್ಟು ಮೇಲಿನ ಭಾಗ ತೆಗೆದುಕೊಂಡಿದ್ದೀರಿ. ಮತ್ತೆ ಮಾಡಿ.

ಬಹಳಷ್ಟು ಕೋಶಗಳಲ್ಲಿ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಮನುಷ್ಯನ ಕೋಶ ಪ್ರಯೋಗಾಲಯದಲ್ಲಿ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕು, ಅದರಲ್ಲಿ ಒಡೆಯುವ ಕೆಲಸಕ್ಕೆ ಸುಮಾರು ಒಂದೇ ಗಂಟೆ. ಬೇರಿನಲ್ಲೂ ಹಾಗೆಯೇ, ತಯಾರಿ ಜಾಸ್ತಿ, ಒಡೆಯುವುದು ಬೇಗ. ಆದ್ದರಿಂದ ಹುಡುಕಬೇಕು. ಕೇಂದ್ರದ ಜಾಗದಲ್ಲಿ ದಾರದ ಉಂಡೆಯ ಹಾಗೆ ಕಂಡರೆ ಮೊದಲ ಹಂತ. ಎಳೆಗಳು ನಡುವೆ ಸಾಲಾಗಿ ನಿಂತಿದ್ದರೆ ಎರಡನೆಯದು. ಎರಡು ಗುಂಪಾಗಿ ಎರಡು ಕಡೆ ಎಳೆದುಕೊಂಡು ಹೋಗುತ್ತಿದ್ದರೆ ಮೂರನೆಯದು. ಎರಡು ಕೇಂದ್ರ, ನಡುವೆ ಹೊಸ ಗೋಡೆ ಮೂಡುತ್ತಿದ್ದರೆ ಕೊನೆಯದು. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂಬ ಹೆಸರುಗಳನ್ನು ನೋಡಿದ ಮೇಲೆ ಕಲಿಯಿರಿ. ಈ ಇಡೀ ಒಡೆಯುವಿಕೆಯೇ ಮೈಟಾಸಿಸ್.

ಉಳ್ಳಾಗಡ್ಡಿಯನ್ನೇ ಯಾಕೆ ಆರಿಸುತ್ತಾರೆ? ಕೋಶ ಒಡೆಯುವಾಗ ಕಾಣುವ ದಾರದಂಥ ವರ್ಣತಂತುಗಳು (ಕ್ರೋಮೋಸೋಮ್) ಅದರಲ್ಲಿ ಕೇವಲ 16, ಆದರೆ ತುಂಬಾ ದಪ್ಪ. ಅದರ ಒಂದು ಕೋಶದ ವರ್ಣತಂತುಗಳಲ್ಲಿರುವ ಡಿಎನ್‌ಎ, ಅಂದರೆ ಗುಣಗಳ ಮಾಹಿತಿ ಹೊತ್ತ ವಸ್ತು, ಮನುಷ್ಯನ ಕೋಶದಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ಈ ಮಾತು ಹೇಳಿದಾಗ ತರಗತಿ ಗದ್ದಲವಾಗುತ್ತದೆ. ಡಿಎನ್‌ಎ ಜಾಸ್ತಿ ಇದ್ದರೆ ಜೀವಿ ದೊಡ್ಡದು, ಜಾಣ ಅಂತ ಏನೂ ಇಲ್ಲ. ವರ್ಣತಂತುಗಳ ಸಂಖ್ಯೆಯೂ ಅಷ್ಟೇ. ಬಟಾಣಿಗೆ 14, ಕಡಲೆಗೆ 16, ಜೋಳಕ್ಕೆ 20, ಮೆಣಸಿನಕಾಯಿಗೆ 24, ಶೇಂಗಾಕ್ಕೆ 40, ಮನುಷ್ಯನಿಗೆ 46. ಆ 46 ಖಚಿತವಾದದ್ದು 1956ರಲ್ಲಿ. ಅಲ್ಲಿಯವರೆಗೆ 48 ಎಂದೇ ಪುಸ್ತಕಗಳಲ್ಲಿ ಇತ್ತು.

ಎಲ್ಲರೂ ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಕೋಶ ಒಡೆಯುವ ಮೊದಲೇ ಡಿಎನ್‌ಎ ಎರಡರಷ್ಟಾಗುತ್ತದೆ. ಹಾಗಾದರೆ ವರ್ಣತಂತು 32 ಆಗಬೇಕಲ್ವಾ? ಇಲ್ಲ, 16 ಆಗಿಯೇ ಇರುತ್ತದೆ. ನಕಲಾದ ಎರಡು ಎಳೆಗಳು ಒಂದು ಗಂಟಿನಲ್ಲಿ ಅಂಟಿಕೊಂಡಿರುತ್ತವೆ. ಎಣಿಸುವಾಗ ಗಂಟುಗಳನ್ನು ಎಣಿಸಿ, ಎಳೆಗಳನ್ನಲ್ಲ. ಮೆಟಾಫೇಸ್‌ನಲ್ಲಿ 16 ಗಂಟು, 32 ಎಳೆ. ಅನಾಫೇಸ್‌ನಲ್ಲಿ ಗಂಟು ಬಿಟ್ಟು, ಪ್ರತಿ ಎಳೆ ಸ್ವತಂತ್ರವಾಗುತ್ತದೆ, ಆ ಗಳಿಗೆಗೆ 32 ವರ್ಣತಂತು. ಆಮೇಲೆ ಒಂದೊಂದು ಮರಿಕೋಶಕ್ಕೆ 16. ಈ ನಾಲ್ಕು ಸಂಖ್ಯೆ ಅರ್ಥವಾದರೆ ಪರೀಕ್ಷೆಯ ಎಂಥ ಪ್ರಶ್ನೆಯೂ ಬಿಡಿಸಬಹುದು.

ಹೆಜ್ಜೆ 4: ನಾಲ್ಕು ತುಂಡು ದಾರ

ಅಂಡ, ವೀರ್ಯಾಣುಗಳಂಥ ಲಿಂಗಾಣು ಆಗುವಾಗ ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಒಡೆಯುವಿಕೆಯೇ ಮಿಯಾಸಿಸ್. ಅದನ್ನು ಚಿತ್ರ ನೋಡಿ ಕಲಿಯುವುದು ಕಷ್ಟ. ದಾರ ತನ್ನಿ: ಉದ್ದನೆಯ ಕೆಂಪು ಒಂದು, ಉದ್ದನೆಯ ಬಿಳಿ ಒಂದು, ಗಿಡ್ಡ ಕೆಂಪು ಒಂದು, ಗಿಡ್ಡ ಬಿಳಿ ಒಂದು. ಒಂದೊಂದು ದಾರ ಒಂದೊಂದು ವರ್ಣತಂತು. ಕೆಂಪು ತಾಯಿಯಿಂದ ಬಂದವು, ಬಿಳಿ ತಂದೆಯಿಂದ ಬಂದವು. ಉದ್ದ ಉದ್ದಕ್ಕೆ ಜೋಡಿ, ಗಿಡ್ಡ ಗಿಡ್ಡಕ್ಕೆ ಜೋಡಿ.

ಜೋಡಿಗಳನ್ನು ಬೇರ್ಪಡಿಸಿ, ಎರಡು ಬಟ್ಟಲಿಗೆ ಹಾಕಿ. ಒಂದೊಂದು ಬಟ್ಟಲು ಒಂದೊಂದು ಲಿಂಗಾಣು. ಪ್ರತಿ ಬಟ್ಟಲಿಗೆ ಒಂದು ಉದ್ದ, ಒಂದು ಗಿಡ್ಡ ಬರಬೇಕು, ಅಷ್ಟೇ ನಿಯಮ. ಉದ್ದ ಕೆಂಪಿನ ಜೊತೆ ಗಿಡ್ಡ ಬಿಳಿ ಹೋಗಬಹುದು, ತಡೆಯುವವರಿಲ್ಲ. ಎಷ್ಟು ಬಗೆಯ ಬಟ್ಟಲು ಸಾಧ್ಯ? ನಾಲ್ಕು. ಮೂರು ಜೋಡಿ ಇದ್ದರೆ ಎಂಟು. ಮನುಷ್ಯನ 23 ಜೋಡಿಗೆ 83,88,608. ಇದಕ್ಕೆ ಎಳೆಗಳು ನಡುವೆ ತುಂಡು ಅದಲುಬದಲು ಮಾಡಿಕೊಳ್ಳುವುದನ್ನು ಇನ್ನೂ ಸೇರಿಸಿಲ್ಲ. ಒಂದೇ ತಂದೆತಾಯಿಯ ಮಕ್ಕಳು ಒಬ್ಬರಂತೆ ಇನ್ನೊಬ್ಬರು ಯಾಕಿಲ್ಲ ಅನ್ನುವುದಕ್ಕೆ ಉತ್ತರ ಆ ಬಟ್ಟಲುಗಳಲ್ಲಿದೆ.

ದಾರಗಳನ್ನು ಎಸೆಯಬೇಡಿ. ಮೆಂಡಲ್‌ಗೆ ಅವೇ ಬೇಕು.

ಹೆಜ್ಜೆ 5: ಹೊಲಕ್ಕೆ ಹೋಗಿ

ಸಾಧ್ಯವಾದರೆ ಹತ್ತಿ ಹೂ ಬಿಡುವ ಕಾಲದಲ್ಲಿ ಒಂದು ಬೀಜೋತ್ಪಾದನೆ ಹೊಲ ನೋಡಿ ಬನ್ನಿ. ಹಾವೇರಿ ಜಿಲ್ಲೆಯಲ್ಲಿ ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜ ಮಾಡುವ ಹೊಲಗಳು ಬೇಕಾದಷ್ಟಿವೆ. ಆ ಹುಡುಗಿಯ ತಾಯಿ ನಮಗೆ ತೋರಿಸಿದ ಕ್ರಮ ಹೀಗಿತ್ತು. ಪರಾಗ ಕೊಡುವ ಗಂಡು ಗಿಡಗಳ ಸಾಲು ಬೇರೆ, ಬೀಜ ಕಟ್ಟುವ ಹೆಣ್ಣು ಗಿಡಗಳ ಸಾಲು ಬೇರೆ. ಮಧ್ಯಾಹ್ನದ ಮೇಲೆ, ಮರುದಿನ ಬೆಳಗ್ಗೆ ಅರಳಲಿರುವ ಮೊಗ್ಗನ್ನು ಗುರುತಿಸುತ್ತಾರೆ. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಒಂದು ಸುತ್ತು ತಿರುವಿ, ದಳವನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ಕಳಚುತ್ತಾರೆ. ನಡುವಿನ ಶಲಾಕೆಗೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿಗೆ, ಒಂದು ಗೀರೂ ಬೀಳುವುದಿಲ್ಲ. ಅದರ ಮೇಲೆ ಚಿಕ್ಕ ಚೀಲ ಹಾಕಿ, ಗುರುತಿಗೆ ದಾರ ಕಟ್ಟುತ್ತಾರೆ. ಮರುದಿನ ಬೆಳಗ್ಗೆ ಗಂಡು ಸಾಲಿನ ಅರಳಿದ ಹೂ ಕಿತ್ತು ತಂದು, ಚೀಲ ತೆಗೆದು, ಪರಾಗವನ್ನು ಸವರುತ್ತಾರೆ. ನಾನು ಪ್ರಯತ್ನಿಸಿದ ಮೊದಲ ಐದು ಮೊಗ್ಗು ಹಾಳಾದವು. "ಉಗುರಿಗೆ ಗೊತ್ತಾಗಬೇಕ್ರಿ ಅಕ್ಕಾರ" ಅಂದರು ಅವರು.

ಮೆಂಡಲ್ 1856ರಿಂದ ಸುಮಾರು ಎಂಟು ವರ್ಷ ಬಟಾಣಿ ಹೂವಿನಲ್ಲಿ ಇದನ್ನೇ ಮಾಡಿದ. 1866ರಲ್ಲಿ ಅದು ಅಚ್ಚಾಯಿತು. 1900ರವರೆಗೆ ಅದರ ಮಹತ್ವ ಯಾರಿಗೂ ತಿಳಿಯಲಿಲ್ಲ.

ನಮ್ಮ ಊರಿಗೂ ಈ ಕಥೆಯಲ್ಲಿ ಜಾಗ ಇದೆ. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಎಂಬ ಹತ್ತಿ ತಳಿ ಬಂತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಸೇರಿಸಿ ಮಾಡಿ, ರೈತರ ಹೊಲಕ್ಕೆ ಬಂದ ಮೊದಲ ಹೈಬ್ರಿಡ್ ಅದು. ತಾಯಿ ಅಮೆರಿಕದ ಮೂಲದ ಸಾಮಾನ್ಯ ಹತ್ತಿ, ತಂದೆ ಉದ್ದ ನೂಲಿನ ಬಾರ್ಬಡೆನ್ಸ್ ಹತ್ತಿ. ಎರಡಕ್ಕೂ 52 ವರ್ಣತಂತು, ಆದ್ದರಿಂದ ದಾರದ ಜೋಡಿ ಕೂಡಿತು. ನಮ್ಮ ಎರೆ ಹೊಲದ ಹಳೆಯ ಜವಾರಿ ಹತ್ತಿಗೆ 26 ಮಾತ್ರ. ಅದನ್ನು ಇವುಗಳ ಜೊತೆ ಹಾಗೆ ಸುಲಭವಾಗಿ ಕೂಡಿಸಲು ಆಗುವುದಿಲ್ಲ. ಹೆಜ್ಜೆ 3ರಲ್ಲಿ ಗಂಟು ಎಣಿಸಿದ್ದು ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಹೆಜ್ಜೆ 6: ಹುಣಸೆ ಬೀಜ ಎಸೆದು 3:1 ತೆಗೆಯುವುದು

ಬಟಾಣಿ ಬೀಜ ದುಂಡಗಿರಬಹುದು, ಸುಕ್ಕಾಗಿರಬಹುದು. ದುಂಡಗಿನದನ್ನು ‘ದ’ ಅನ್ನೋಣ, ಸುಕ್ಕನ್ನು ‘ಸ’ ಅನ್ನೋಣ. ಪ್ರತಿ ಗಿಡದಲ್ಲಿ ಎರಡು ಪ್ರತಿ ಇರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಗುಣವನ್ನು ನಿರ್ಧರಿಸುವ ಡಿಎನ್‌ಎ ತುಂಡಿಗೆ ಜೀನ್ ಅಂತ, ಒಂದೇ ಜೀನಿನ ಈ ಎರಡು ರೂಪಗಳಿಗೆ ಅಲೀಲ್ ಅಂತ ಹೆಸರು. ಶುದ್ಧ ದುಂಡು ಅಂದರೆ ದದ, ಶುದ್ಧ ಸುಕ್ಕು ಅಂದರೆ ಸಸ. ಇವೆರಡನ್ನು ಕ್ರಾಸ್ ಮಾಡಿದರೆ ಮಕ್ಕಳೆಲ್ಲ ದಸ. ಎಲ್ಲವೂ ದುಂಡು. ಆದ್ದರಿಂದ ‘ದ’ ಪ್ರಬಲ, ‘ಸ’ ದುರ್ಬಲ.

ಈಗ ಚೌಕಾಬಾರ ಆಡುವ ಹಾಗೆ ಎರಡು ಹುಣಸೆ ಬೀಜ ತೆಗೆದುಕೊಳ್ಳಿ. ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಕಪ್ಪು ಮೈ ‘ದ’, ಬಿಳಿ ಮೈ ‘ಸ’. ಒಂದೊಂದು ಬೀಜ ಒಂದೊಂದು ದಸ ಗಿಡ. ಮೊದಲು ಪ್ರತಿ ಬೀಜವನ್ನು ಒಂಟಿಯಾಗಿ 50 ಸಲ ಎಸೆದು ನೋಡಿ. ಒಂದೇ ಮೈ ಬಹಳ ಸಲ ಬಿದ್ದರೆ ಅದನ್ನು ಬಿಟ್ಟು ಇನ್ನೊಂದು ಉಜ್ಜಿ, ಇಲ್ಲವೇ ನಾಣ್ಯ ಬಳಸಿ. ಬೀಜ ಮೊಗಚಿ ಬೀಳುವುದು ಅಂದರೆ ಮಿಯಾಸಿಸ್, ಜೋಡಿ ಬಿಟ್ಟು ಒಂದೇ ದಾರ ಬಟ್ಟಲಿಗೆ ಹೋಗುವುದು.

ಎರಡನ್ನೂ ಒಟ್ಟಿಗೆ 100 ಸಲ ಎಸೆಯಿರಿ, ಗೀಟು ಹಾಕಿ ಬರೆಯಿರಿ. ಎರಡೂ ಬಿಳಿ ಬಿದ್ದದ್ದು ಸುಕ್ಕು, ಉಳಿದದ್ದೆಲ್ಲ ದುಂಡು. ಸುಕ್ಕು 25ರ ಹತ್ತಿರ ಬರುತ್ತದೆ, ಸರಿಯಾಗಿ 25 ಬರುವುದು ಅಪರೂಪ. ಮೊದಲ ಎಂಟು ಎಸೆತದಲ್ಲಿ ಒಂದೂ ಬರದೇ ಇರಬಹುದು. ಸಂಖ್ಯೆ ಹೆಚ್ಚಾದಷ್ಟೂ ಲೆಕ್ಕ ಗಟ್ಟಿಯಾಗುತ್ತದೆ. ಮೆಂಡಲ್ 7,324 ಬೀಜ ಎಣಿಸಿದ. 5,474 ದುಂಡು, 1,850 ಸುಕ್ಕು. ಭಾಗಿಸಿ ನೋಡಿ, 2.96. ಒಬ್ಬ ಮನುಷ್ಯ ಕೂತು ಏಳು ಸಾವಿರ ಬಟಾಣಿ ಎಣಿಸಿದ ಅನ್ನುವುದು ನನಗೆ ಈಗಲೂ ಬೆರಗು.

ಇದಾದ ಮೇಲೆ ನಾಲ್ಕು ಮನೆಯ ಚೌಕ ಬರೆಯಿರಿ: ದದ, ದಸ, ಸದ, ಸಸ. ಚೌಕ ಮೊದಲು ಕಲಿತು ಅರ್ಥ ಆಮೇಲೆ ಹುಡುಕಬೇಡಿ. ಎಸೆದವರಿಗೆ ಚೌಕ ತಾನೇ ಹೊಳೆಯುತ್ತದೆ.

ಹೊಲದ ಪ್ರಶ್ನೆಗೂ ಇಲ್ಲೇ ಉತ್ತರ. ಹೈಬ್ರಿಡ್ ಬೀಜವನ್ನು ವರ್ಷಾ ವರ್ಷಾ ಯಾಕೆ ಕೊಳ್ಳಬೇಕು, ಬೆಳೆದದ್ದನ್ನೇ ಯಾಕೆ ಬಿತ್ತಬಾರದು ಎಂದು ಆ ಹುಡುಗಿ ಕೇಳಿದ್ದಳು. ಹೈಬ್ರಿಡ್ ಗಿಡವೆಲ್ಲ ದಸ, ಆದ್ದರಿಂದ ಹೊಲ ಒಂದೇ ಸಮ ಬೆಳೆಯುತ್ತದೆ. ಅದರ ಬೀಜ ಬಿತ್ತಿದರೆ ದದ, ದಸ, ಸಸ ಎಲ್ಲ ಬೆರೆತು ಬರುತ್ತವೆ. ಹತ್ತಿಯ ಎತ್ತರ, ನೂಲಿನ ಉದ್ದ, ಕಾಯಿಯ ತೂಕ ಒಂದು ಜೀನಿನ ಕೆಲಸವೂ ಅಲ್ಲ, ಹಲವು ಸೇರಿ ಮಾಡುವಂಥವು. ಹಾಗಾಗಿ ಹೊಲ ಚೆಲ್ಲಾಪಿಲ್ಲಿಯಾಗುತ್ತದೆ. ಜವಾರಿ ತಳಿಯಲ್ಲಿ ಈ ಸಮಸ್ಯೆ ಇಲ್ಲ, ಅದು ತನ್ನ ಹಾಗೆಯೇ ಹುಟ್ಟುತ್ತದೆ.

ಹೆಜ್ಜೆ 7: ಮನುಷ್ಯರ ಲೆಕ್ಕ, ಎಚ್ಚರಿಕೆಯಿಂದ

ರಕ್ತದ ಗುಂಪಿನಲ್ಲಿ ಎ, ಬಿ, ಓ ಎಂಬ ಮೂರು ಅಲೀಲ್ ಇವೆ. ಎ ಮತ್ತು ಬಿ ಸೇರಿದರೆ ಎರಡೂ ಕಾಣುತ್ತವೆ, ಗುಂಪು ಎಬಿ. ಓ ದುರ್ಬಲ. ಹಾಗಿದ್ದರೂ ಓ ಗುಂಪಿನವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪ್ರಬಲ ಅಂದರೆ ಸಾಮಾನ್ಯ, ಪ್ರಬಲ ಅಂದರೆ ಒಳ್ಳೆಯದು ಎಂಬ ಅರ್ಥ ಇಲ್ಲ. ತಾಯಿ ಎ, ತಂದೆ ಬಿ, ಮಗು ಓ ಆಗಬಹುದೇ? ಆಗಬಹುದು, ಇಬ್ಬರೂ ಒಂದೊಂದು ಓ ಇಟ್ಟುಕೊಂಡಿದ್ದರೆ. ಮನೆಯವರ ರಕ್ತದ ಗುಂಪು ಬರೆದು ತನ್ನಿ ಎಂದು ನಾನು ಯಾವ ಮಗುವಿಗೂ ಹೇಳುವುದಿಲ್ಲ. ಲೆಕ್ಕಕ್ಕೆ ಕಲ್ಪನೆಯ ಮನೆ ಸಾಕು.

ಗಂಡೋ ಹೆಣ್ಣೋ ಅನ್ನುವುದಕ್ಕೂ ದಾರ ತೆಗೆಯಿರಿ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ವರ್ಣತಂತು. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು, ವೈ ಇರಬಹುದು. ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹುಟ್ಟಿತು ಅಂತ ಸೊಸೆಯನ್ನು ಅನ್ನುವ ಮನೆಗಳು ಇನ್ನೂ ಇವೆ. ಈ ಒಂದು ಚೌಕವನ್ನು ಮನೆಯಲ್ಲಿ ಬಿಡಿಸಿ ತೋರಿಸಿ ಎಂದು ನಾನು ಪ್ರತಿ ತರಗತಿಗೂ ಹೇಳುತ್ತೇನೆ.

ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಸಂಬಂಧಗಳು ಬಹಳ. ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಯ ಅಲೀಲ್ ದುರ್ಬಲ. ಒಂದು ಪ್ರತಿ ಇದ್ದವರಿಗೆ ದೊಡ್ಡ ತೊಂದರೆ ಇರುವುದಿಲ್ಲ, ಅದು ಇದೆ ಎಂಬುದೂ ತಿಳಿದಿರುವುದಿಲ್ಲ. ಒಬ್ಬ ಅಜ್ಜ ಅಥವಾ ಅಜ್ಜಿಯಿಂದ ಅದೇ ಪ್ರತಿ ಇಬ್ಬರಿಗೂ ಬಂದಿದ್ದರೆ, ಮಗುವಿನಲ್ಲಿ ಎರಡೂ ಸೇರಬಹುದು. ಮಗುವಿನ ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಹೀಗೆ ಒಂದೇ ಹಿರಿಯರಿಂದ ಬಂದಿರುವ ಸಾಧ್ಯತೆ ಸೋದರಮಾವನ ಸಂಬಂಧದಲ್ಲಿ 8ಕ್ಕೆ 1, ಅತ್ತೆ-ಮಾವನ ಮಕ್ಕಳ ನಡುವೆ 16ಕ್ಕೆ 1. ಹಾಗೆ ಮದುವೆಯಾದ ಎಲ್ಲರ ಮಕ್ಕಳಿಗೂ ಕಾಯಿಲೆ ಬರುತ್ತದೆ ಅಂತ ಇದರ ಅರ್ಥವಲ್ಲ. ಅಪಾಯ ಹೆಚ್ಚುತ್ತದೆ, ಮೊದಲೇ ರಕ್ತ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳುವುದು ಒಳ್ಳೆಯದು. ತಂದೆತಾಯಿ ಇಬ್ಬರಲ್ಲೂ ಆ ಅಲೀಲ್ ಇದ್ದರೆ 4ಕ್ಕೆ 1 ಅನ್ನುವ ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಅಲ್ಲ. ಹುಣಸೆ ಬೀಜಕ್ಕೆ ಹಿಂದಿನ ಎಸೆತ ನೆನಪಿರುವುದಿಲ್ಲ.

ಹೆಜ್ಜೆ 8: ಡಿಎನ್‌ಎ ಕೈಗೆ ತೆಗೆದುಕೊಳ್ಳುವುದು

ಮತ್ತೆ ಉಳ್ಳಾಗಡ್ಡಿ. ಅರ್ಧ ಗಡ್ಡೆಯನ್ನು ಸಣ್ಣಗೆ ಹೆಚ್ಚಿ. ಅರ್ಧ ಗ್ಲಾಸು ನೀರಿಗೆ ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಬರದ ಹಾಗೆ ಕಲಸಿ, ಹೆಚ್ಚಿದ್ದನ್ನು ಹಾಕಿ. ಈ ಪಾತ್ರೆಯನ್ನು 60 ಡಿಗ್ರಿ ಬಿಸಿನೀರಿನ ತಪೇಲಿಯಲ್ಲಿ 15 ನಿಮಿಷ ಇಡಿ. ಸೋಪು ಕೋಶದ ಮತ್ತು ಕೇಂದ್ರದ ಪೊರೆಯನ್ನು ಕರಗಿಸುತ್ತದೆ. ಯಾಕೆಂದರೆ ಪೊರೆ ಕೊಬ್ಬಿನದು, ಜಿಡ್ಡಿನ ಪಾತ್ರೆಗೆ ಸೋಪು ಮಾಡುವ ಕೆಲಸವೇ ಇದು. ಡಿಎನ್‌ಎ ಕತ್ತರಿಸುವ ಕಿಣ್ವಗಳನ್ನು ಬಿಸಿ ತಡೆಯುತ್ತದೆ. 15 ನಿಮಿಷ ದಾಟಿಸಬೇಡಿ, ಡಿಎನ್‌ಎಯೇ ತುಂಡಾಗುತ್ತದೆ. ಆಮೇಲೆ ತಣ್ಣೀರಿನಲ್ಲಿ ಐದು ನಿಮಿಷ ಇಟ್ಟು, ಮಿಕ್ಸಿಯಲ್ಲಿ ಐದೇ ಸೆಕೆಂಡು ತಿರುವಿ, ತೆಳು ಬಟ್ಟೆಯಲ್ಲಿ ಸೋಸಿ.

ಸೋಸಿದ ರಸವನ್ನು ಉದ್ದನೆಯ ಗ್ಲಾಸಿಗೆ ಎರಡು ಬೆರಳಷ್ಟು ಹಾಕಿ. ಫ್ರೀಜರ್‌ನಲ್ಲಿ ಇಟ್ಟು ತಣ್ಣಗಾದ ಸರ್ಜಿಕಲ್ ಸ್ಪಿರಿಟ್ ಅನ್ನು ಗ್ಲಾಸಿನ ಗೋಡೆಗುಂಟ ನಿಧಾನವಾಗಿ ಇಳಿಸಿ. ಒಲೆಯ ಹತ್ತಿರ ಬೇಡ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಕೆಳಗೆ ರಸ, ಮೇಲೆ ಸ್ಪಿರಿಟ್. ಐದು ನಿಮಿಷದಲ್ಲಿ ಎರಡರ ಗೆರೆಯಲ್ಲಿ ಬಿಳಿ ಲೋಳೆ ಎಳೆಗಳು ಮೇಲೇಳುತ್ತವೆ. ಒಂದು ಕಡ್ಡಿಗೆ ಸುತ್ತಿಕೊಂಡು ಎತ್ತಿ. ಅದರಲ್ಲಿ ಬೇರೆ ವಸ್ತುಗಳೂ ಸ್ವಲ್ಪ ಸೇರಿರುತ್ತವೆ, ಪೂರ್ತಿ ಶುದ್ಧ ಡಿಎನ್‌ಎ ಅಲ್ಲ. ಆದರೆ ಹೆಜ್ಜೆ 1ರಲ್ಲಿ ಚುಕ್ಕೆಯಾಗಿ, ಹೆಜ್ಜೆ 3ರಲ್ಲಿ ಎಳೆಯಾಗಿ ಕಂಡದ್ದು ಇದೇ.

ಇದರ ರಚನೆ 1953ರಲ್ಲಿ ತಿಳಿಯಿತು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ ಮಾದರಿ ಕಟ್ಟಿದರು. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ. ಎ ಎದುರು ಟಿ, ಜಿ ಎದುರು ಸಿ. ಮೂರು ಮೂರು ಅಕ್ಷರ ಒಂದು ಅಮೈನೋ ಆಮ್ಲಕ್ಕೆ, ಅಂದರೆ ಪ್ರೋಟೀನಿನ ಒಂದು ಇಟ್ಟಿಗೆಗೆ. ಈ ಗುಟ್ಟು ಬಿಡಿಸಿದವರಲ್ಲಿ ಹರ್‌ಗೋವಿಂದ್ ಖೊರಾನಾ ಒಬ್ಬರು, 1968ರ ನೊಬೆಲ್ ಅದಕ್ಕೇ ಬಂದದ್ದು.

ಈಗ ಸುಕ್ಕು ಬಟಾಣಿಗೆ ಮರಳಿ ಬನ್ನಿ. ಪಿಷ್ಟಕ್ಕೆ ಕವಲು ಹಾಕುವ ಒಂದು ಕಿಣ್ವ ಬಟಾಣಿಯಲ್ಲಿದೆ. ಅದನ್ನು ಮಾಡುವ ಜೀನಿನ ನಡುವೆ ಸುಮಾರು 800 ಅಕ್ಷರದ ಒಂದು ಬೇಡದ ತುಂಡು ಬಂದು ಕೂತಿದೆ. ಆ ಕೆಟ್ಟ ಪ್ರತಿಯೇ ನಮ್ಮ ‘ಸ’. ಎರಡೂ ‘ಸ’ ಇದ್ದರೆ ಆ ಕಿಣ್ವ ಇಲ್ಲ. ಪಿಷ್ಟ ಕಡಿಮೆಯಾಗಿ, ಸಕ್ಕರೆ ಹೆಚ್ಚಾಗಿ ಉಳಿಯುತ್ತದೆ. ಸಕ್ಕರೆ ನೀರೆಳೆಯುತ್ತದೆ, ಎಳೆಯ ಬೀಜ ಉಬ್ಬುತ್ತದೆ. ಒಣಗಿದಾಗ ನೀರು ಹೋಗಿ ಸಿಪ್ಪೆ ಸುಕ್ಕಾಗುತ್ತದೆ. ಒಂದು ‘ದ’ ಇದ್ದರೂ ಸಾಕಷ್ಟು ಕಿಣ್ವ ಬರುತ್ತದೆ, ಆದ್ದರಿಂದ ದಸ ದುಂಡು. ‘ಪ್ರಬಲ’ ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಸಿಕ್ಕಿಲ್ಲ.

ಪರೀಕ್ಷೆಯಲ್ಲಿ ಬರೆಯುವಾಗ

ಕನ್ನಡದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಇಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷ್ ಅಕ್ಷರವೇ ಬಳಸಬೇಕು. ಸಿ, ಎಸ್, ಡಬ್ಲ್ಯೂ ಆರಿಸಬೇಡಿ, ಅವಸರದಲ್ಲಿ ದೊಡ್ಡದು ಚಿಕ್ಕದು ಒಂದೇ ಥರ ಕಾಣುತ್ತವೆ. ಆರ್, ಟಿ, ಎ ಸುರಕ್ಷಿತ. ತಂದೆತಾಯಿ, ಲಿಂಗಾಣು, ಚೌಕ, ಅನುಪಾತ, ಈ ನಾಲ್ಕು ಸಾಲು ಬಿಡದೆ ಬರೆಯಿರಿ. ಅನುಪಾತ ಕಾಣುವ ಗುಣದ್ದೋ (3:1), ಜೀನಿನದೋ (1:2:1) ಎಂದು ಪಕ್ಕದಲ್ಲಿ ಹೇಳಿ. ಚಿತ್ರದಲ್ಲಿ ಗುರುತಿನ ಗೆರೆಗಳು ಒಂದನ್ನೊಂದು ದಾಟಬಾರದು.

ದಿನಗಳ ಲೆಕ್ಕ ಹೀಗಿರಲಿ. ಮೊದಲ ದಿನವೇ ಉಳ್ಳಾಗಡ್ಡಿಯನ್ನು ನೀರಿಗೆ ಇಡಿ, ಬೇರು ಬರುವಷ್ಟರಲ್ಲಿ ಹೆಜ್ಜೆ 1, 2 ಮುಗಿಯುತ್ತವೆ. ಆರನೇ ದಿನ ಬೇರು ಕತ್ತರಿಸಿ, ಏಳನೇ ದಿನ ಸ್ಲೈಡು. ಎಂಟರಿಂದ ಹತ್ತು, ದಾರ ಮತ್ತು ಹುಣಸೆ ಬೀಜ. ಭಾನುವಾರ ಒಂದು ಹೊಲಕ್ಕೆ ಇರಲಿ. ಕ್ರಾಸಿಂಗ್ ನೋಡಬೇಕಾದರೆ ಮಧ್ಯಾಹ್ನ ಎರಡರ ಮೇಲೆ ಹೋಗಿ, ರಾತ್ರಿ ಅಲ್ಲೇ ಉಳಿಯುವ ವ್ಯವಸ್ಥೆ ಆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಪರಾಗ ಸವರುವುದು ಮರುದಿನ ಬೆಳಗ್ಗೆ.